ಒಂದು ಸೀಟಿಗೆ ಎಷ್ಟು ಕೆ.ಜಿ. ಬಸ್ಸು?

ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ತನಕ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಕಂಡಕ್ಟರುಗಳ ಒಂದೇ ಕೂಗು ಕಿವಿಗೆ ಬೀಳುತ್ತಿರುತ್ತದೆ: ‘ಒಳಕ್ಕೆ ನಡೀರಿ, ಮುಂದಕ್ಕೆ ನಡೀರಿ.’ ಮಂಡ್ಯದ ಕಾಲೇಜಿಗೆ ಹೊರಟ ಹುಡುಗರು, ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು, ಕೋರ್ಟು ಕಚೇರಿಯ ಕೆಲಸ ಇಟ್ಟುಕೊಂಡವರು, ಮೈಸೂರಿನ ಆಸ್ಪತ್ರೆಗೆ ಹೊರಟ ವಯಸ್ಸಾದವರು, ಎಲ್ಲರಿಗೂ ಬೇಕಾದ್ದು ಅದೇ ಎರಡು ಗಂಟೆ. ಮುಂದಕ್ಕೆ ನಡೆಯಲು ಜಾಗ ಇರುವುದಿಲ್ಲ. ಕಿರುಗಾವಲಿನಂಥ ನಡುವಿನ ಊರುಗಳಲ್ಲಿ ಕಾಯುತ್ತಿದ್ದವರಿಗೆ ಫುಟ್‌ಬೋರ್ಡೇ ಗತಿ, ಇಲ್ಲವೇ ಮುಂದಿನ ಬಸ್ಸು.

2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಶುರುವಾದ ಮೇಲೆ ಈ ರಷ್ಷು ಇನ್ನಷ್ಟು ಏರಿತು. ಅದನ್ನು ದೂರಿನ ದನಿಯಲ್ಲಿ ಹೇಳುತ್ತಿಲ್ಲ. ದುಡ್ಡಿಲ್ಲದ ಕಾರಣಕ್ಕೆ ಮನೆಯಲ್ಲೇ ಉಳಿಯುತ್ತಿದ್ದ ಹೆಂಗಸರು ಕೆಲಸಕ್ಕೆ, ಓದಿಗೆ, ತವರಿಗೆ ಹೊರಟಿದ್ದಾರೆ. 2025ರ ಜುಲೈನಲ್ಲಿ ರಾಜ್ಯದಾದ್ಯಂತ ಅವರ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ಇಷ್ಟು ಒಳ್ಳೆಯ ಕೆಲಸಕ್ಕೆ ಬೇಕಾದಷ್ಟು ಸೀಟು ಮಾತ್ರ ಬರಲಿಲ್ಲ.

ಸೀಟು ಹೆಚ್ಚಿಸುವ ನೇರ ದಾರಿ ಬಸ್ಸು ಹೆಚ್ಚಿಸುವುದು. ಪ್ರತಿ ಬಸ್ಸಿಗೂ ಡ್ರೈವರ್ ಬೇಕು, ಡೀಸೆಲ್ ಬೇಕು, ಡಿಪೊದಲ್ಲಿ ಜಾಗ ಬೇಕು. ಇದ್ದ ಬಸ್ಸಿನೊಳಗೇ ಸೀಟು ಹೆಚ್ಚಿಸೋಣವೆಂದರೆ ಅಳತೆಗೆ ಕಾನೂನಿನ ಮಿತಿಯಿದೆ. ಉದ್ದವನ್ನು ಬೇಕಾದಷ್ಟು ಹೆಚ್ಚಿಸುವಂತಿಲ್ಲ, ಬಸ್ಸು 2.6 ಮೀಟರಿಗಿಂತ ಅಗಲ ಇರುವಂತಿಲ್ಲ. ಎತ್ತರದ ವಿಷಯದಲ್ಲಿ ಮಾತ್ರ ಮೋಟಾರು ವಾಹನ ನಿಯಮ ಡಬಲ್ ಡೆಕ್ಕರಿಗೆ ಬೇರೆ ಅವಕಾಶ ಕೊಟ್ಟಿದೆ: 4.75 ಮೀಟರ್. ಹಾಗಾಗಿ ಜನ ತುಂಬಿ ತುಳುಕುವ ಊರುಗಳೆಲ್ಲ ಒಂದಲ್ಲ ಒಂದು ಕಾಲದಲ್ಲಿ ಮೇಲ್ಮಹಡಿಯ ಕಡೆ ನೋಡಿವೆ.

ನಮ್ಮವರೂ ನೋಡಿದ್ದರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮದ್ದೂರು, ಮಳವಳ್ಳಿ ಕಡೆಯಿಂದ ಬೆಂಗಳೂರಿಗೆ ಹೋದ ಮಕ್ಕಳಿಗೆ ಅಲ್ಲಿನ ನಗರ ಸಾರಿಗೆಯಾದ ಬಿಟಿಎಸ್‌ನ ಕೆಂಪು ಡಬಲ್ ಡೆಕ್ಕರ್ ಒಂದು ನೋಟವೇ ಆಗಿತ್ತು. ಮೆಟ್ಟಿಲು ಹತ್ತಿ ಮೇಲಿನ ಮುಂದಿನ ಸೀಟು ಹಿಡಿದರೆ ಮರದ ಕೊಂಬೆ ಗಾಜಿಗೆ ಬಡಿಯುವಷ್ಟು ಹತ್ತಿರ. 1997ರ ಹೊತ್ತಿಗೆ ಅವು ರಸ್ತೆ ಬಿಟ್ಟವು. ಆ ಕಾಲದಲ್ಲಿ ದೇಶದ ನಗರಗಳಲ್ಲಿ ಓಡಿದ ಡಬಲ್ ಡೆಕ್ಕರುಗಳಲ್ಲಿ ಹೆಚ್ಚಿನವು 1967ರಲ್ಲಿ ಅಶೋಕ್ ಲೇಲ್ಯಾಂಡ್ ತಂದ ಟೈಟನ್ ಚಾಸಿಯ ಮೇಲೆ ಕಟ್ಟಿದಂಥವು: ಮುಂದುಗಡೆ ಎಂಜಿನ್, ಅಡಿಯಲ್ಲಿ ದಪ್ಪ ಉಕ್ಕಿನ ಚಾಸಿ, ಅದರ ಮೇಲೆ ಬೇರೆಯಾಗಿ ಕಟ್ಟಿ ಕೂರಿಸಿದ ಎರಡು ಮಹಡಿಯ ಬಾಡಿ. ನಿಧಾನ, ಭಾರ, ಡೀಸೆಲ್ ದಾಹ, ಮಹಡಿಗೊಬ್ಬರಂತೆ ಇಬ್ಬರು ಕಂಡಕ್ಟರ್. ರಸ್ತೆಗಳ ಮೇಲೆ ತಂತಿಗಳು, ಮೇಲ್ಸೇತುವೆಗಳು ಹೆಚ್ಚಿದಂತೆ ಅವು ಹೋಗಬಲ್ಲ ದಾರಿಗಳೂ ಕಡಿಮೆಯಾದವು.

ಹೀಗಾಗಿ ಡಬಲ್ ಡೆಕ್ಕರ್ ಎಂದರೆ ಭಾರದ ಬಸ್ಸು ಎಂಬ ಎಣಿಕೆ ನಮ್ಮಲ್ಲಿ ಉಳಿದುಬಿಟ್ಟಿದೆ. ಆದರೆ ಅತಿ ಹೆಸರಾದ ಡಬಲ್ ಡೆಕ್ಕರ್ ಹುಟ್ಟಿದ್ದೇ ಭಾರ ಇಳಿಸುವ ಹಟದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ ಟ್ರಾನ್ಸ್‌ಪೋರ್ಟ್‌ನ ಕೆಲಸಗಾರರು ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳನ್ನು ಕಟ್ಟುವ ಕೆಲಸಕ್ಕೆ ಇಳಿದರು. ಅಲ್ಯೂಮಿನಿಯಂ ತಗಡು, ರಿವಿಟ್, ಹಗುರ ಚೌಕಟ್ಟಿನಲ್ಲಿ ಬಲ ಹಂಚುವ ವಿದ್ಯೆ ಅವರ ಕೈಗೆ ಬಂತು. ಯುದ್ಧ ಮುಗಿದ ಮೇಲೆ ಆ ವಿದ್ಯೆಯನ್ನು ಬಸ್ಸಿಗೆ ತಂದರು. ಎ.ಎ.ಎಂ. ಡ್ಯುರಂಟ್ ಎಂಬ ಎಂಜಿನಿಯರರ ಮುಂದಾಳತ್ವದಲ್ಲಿ, ಡಗ್ಲಸ್ ಸ್ಕಾಟ್ ಎಂಬ ವಿನ್ಯಾಸಕಾರರ ಕೈಚಳಕದಲ್ಲಿ ರೂಪುಗೊಂಡ ರೂಟ್‌ಮಾಸ್ಟರ್ 1956ರ ಫೆಬ್ರವರಿ 8ರಂದು ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಅದಕ್ಕೆ ಬೇರೆ ಚಾಸಿಯೇ ಇರಲಿಲ್ಲ. ಬಾಡಿಯೇ ಭಾರ ಹೊರುತ್ತಿತ್ತು. ಅದಕ್ಕೆ ಹಿಂದಿನ ಆರ್‌ಟಿ ಮಾದರಿಯಲ್ಲಿ 56 ಸೀಟು ಇದ್ದವು. ಇದರಲ್ಲಿ 64. ಎಂಟು ಸೀಟು ಹೆಚ್ಚಾದರೂ ಬಸ್ಸಿನ ತೂಕ ಮುಕ್ಕಾಲು ಟನ್ ಕಡಿಮೆಯಾಗಿತ್ತು.

ಈ ಒಂದು ಸಂಗತಿಯನ್ನು ನಮ್ಮ ಸಾರಿಗೆ ಚರ್ಚೆಯಲ್ಲಿ ಮತ್ತೆ ಮತ್ತೆ ಎತ್ತಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಖಾಲಿ ರೂಟ್‌ಮಾಸ್ಟರಿನ ತೂಕ ಏಳೂವರೆ ಟನ್ನಿನ ಆಸುಪಾಸು. ಅಂದರೆ ಒಂದು ಸೀಟಿನ ಪಾಲಿಗೆ 120 ಕೆ.ಜಿ.ಯೂ ಬರುವುದಿಲ್ಲ. ಒಬ್ಬರೇ ಕೂತು ಹೋಗುವ ಸಣ್ಣ ಕಾರು ಆ ಒಬ್ಬರಿಗಾಗಿ 750 ಕೆ.ಜಿ.ಯಷ್ಟು ಲೋಹ ಹೊತ್ತು ಸಾಗುತ್ತದೆ. ಒಟ್ಟು 2,876 ರೂಟ್‌ಮಾಸ್ಟರುಗಳು ತಯಾರಾದವು. ನಿತ್ಯದ ಸೇವೆಯಿಂದ ಅವು ಪೂರ್ತಿ ಹಿಂದೆ ಸರಿದದ್ದು 2005ರ ಡಿಸೆಂಬರಿನಲ್ಲಿ. ಹಗುರ ಬಸ್ಸು ಬಾಳಿಕೆ ಬರುವುದಿಲ್ಲ ಎನ್ನುವವರು ಈ ಅರ್ಧ ಶತಮಾನವನ್ನು ಗಮನಿಸಬೇಕು.

ಹಗುರ ಮಾಡುವುದು ಸುಲಭವೇನೂ ಅಲ್ಲ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ತೂಗುತ್ತದೆ, ಅದರ ಬಿಗುವೂ ಸುಮಾರು ಮೂರನೇ ಒಂದೇ. ಉಕ್ಕಿನ ಪೈಪು ತೆಗೆದು ಅದೇ ಗಾತ್ರದ ಅಲ್ಯೂಮಿನಿಯಂ ಪೈಪು ಹಾಕಿದರೆ ಬಸ್ಸು ಬಳುಕುತ್ತದೆ. ಭಾಗಗಳ ಆಕಾರವನ್ನೇ ಬದಲಿಸಬೇಕು, ಜೋಡಣೆಯನ್ನು ಹೊಸದಾಗಿ ಯೋಚಿಸಬೇಕು. ಡಬಲ್ ಡೆಕ್ಕರಿನಲ್ಲಿ ಇನ್ನೊಂದು ಕಟ್ಟುಪಾಡೂ ಇದೆ. ಮೆದೆಯಷ್ಟು ಎತ್ತರಕ್ಕೆ ಹುಲ್ಲು ಹೇರಿದ ಎತ್ತಿನ ಗಾಡಿ ತಿರುವಿನಲ್ಲಿ ಓಲಾಡುವ ಹಾಗೆ, ತೂಕ ಮೇಲಕ್ಕೆ ಹೋದಷ್ಟೂ ಬಸ್ಸು ಉರುಳುವ ಭಯ ಹೆಚ್ಚು. ಬ್ರಿಟನ್ನಿನಲ್ಲಿ ಮೇಲ್ಮಹಡಿಗೆ ಮಾತ್ರ ಜನರ ತೂಕದಷ್ಟು ಭಾರ ತುಂಬಿ, ಕೆಳಗೆ ಖಾಲಿ ಬಿಟ್ಟು, ಬಸ್ಸನ್ನು 28 ಡಿಗ್ರಿ ವಾಲಿಸಿ ನೋಡುತ್ತಾರೆ. ಅಲ್ಲಿಯವರೆಗೂ ಅದು ಉರುಳಬಾರದು. ಹಾಗಾಗಿ ಮೇಲಿನ ಅರ್ಧದಲ್ಲಿ ಉಳಿಸಿದ ಪ್ರತಿ ಕಿಲೊ ಡೀಸೆಲ್ಲಿಗೂ ಒಳಿತು, ಜೀವಕ್ಕೂ ಒಳಿತು.

ರೂಟ್‌ಮಾಸ್ಟರಿನ ನಂತರ ಎ.ಸಿ., ದೊಡ್ಡ ಎಂಜಿನ್, ಸುರಕ್ಷತಾ ಉಪಕರಣಗಳು ಸೇರುತ್ತಾ ಹೋಗಿ ಬಸ್ಸುಗಳು ಮತ್ತೆ ದಪ್ಪವಾದವು. ಅದನ್ನು ಹಿಂದಕ್ಕೆ ತಿರುಗಿಸಲು ಹೊರಟವರಲ್ಲಿ ಇಂಗ್ಲೆಂಡಿನ ಆಪ್ಟೇರ್ ಕಂಪನಿ ಒಂದು. 2014ರಲ್ಲಿ ಅದು ತಂದ ಮೆಟ್ರೊಡೆಕ್ಕರ್ ಖಾಲಿಯಿದ್ದಾಗ ಹತ್ತು ಟನ್ನಿನ ಒಳಗೇ ತೂಗುತ್ತಿತ್ತು. ತೂಕ ಇಳಿದದ್ದರಿಂದ ಕೇವಲ ನಾಲ್ಕು ಸಿಲಿಂಡರಿನ, 5.1 ಲೀಟರಿನ ಮರ್ಸಿಡಿಸ್ ಎಂಜಿನ್ ಸಾಕಾಯಿತು. ಸಣ್ಣ ಎಂಜಿನ್ ತಾನೂ ಕಡಿಮೆ ತೂಗುತ್ತದೆ, ಹಾಗಾಗಿ ಹಗುರತನ ಇನ್ನಷ್ಟು ಹಗುರತನಕ್ಕೆ ದಾರಿ ಮಾಡಿಕೊಡುತ್ತದೆ. ಈ ಆಪ್ಟೇರ್ ನಮಗೆ ಪರಕೀಯವಲ್ಲ. 2010ರಿಂದ ಅದರ ಪಾಲು ಕೊಳ್ಳುತ್ತಾ ಬಂದದ್ದು ಚೆನ್ನೈನ ಅಶೋಕ್ ಲೇಲ್ಯಾಂಡ್, ಟೈಟನ್ ತಯಾರಿಸಿದ ಅದೇ ಕಂಪನಿ. 2020ರಲ್ಲಿ ಆಪ್ಟೇರ್ ಹೆಸರು ಸ್ವಿಚ್ ಮೊಬಿಲಿಟಿ ಎಂದಾಯಿತು.

2022ರ ಆಗಸ್ಟ್ 18ರಂದು ಮುಂಬೈಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅನಾವರಣ ಮಾಡಿದ ಸ್ವಿಚ್‌ನ ಇಐವಿ 22 ಈ ವಂಶದ್ದು. ಹವಾನಿಯಂತ್ರಿತ ವಿದ್ಯುತ್ ಡಬಲ್ ಡೆಕ್ಕರ್, ಅಲ್ಯೂಮಿನಿಯಂ ಬಾಡಿ, 231 ಯೂನಿಟ್ ತುಂಬಿಕೊಳ್ಳುವ ಬ್ಯಾಟರಿ, 65ರ ಆಸುಪಾಸು ಸೀಟು, ಕಂಪನಿ ಹೇಳುವಂತೆ 250 ಕಿ.ಮೀ. ವರೆಗೆ ಓಟ. ಒಂದು ಮಹಡಿಯ ಬಸ್ಸಿಗಿಂತ ಇದರ ತೂಕ ಶೇ 18ರಷ್ಟೇ ಹೆಚ್ಚು, ಕೂರುವ ಜನ ಹೆಚ್ಚುಕಡಿಮೆ ಎರಡರಷ್ಟು ಎಂಬುದೂ ಕಂಪನಿಯ ಮಾತು. ಅದನ್ನು ಒಪ್ಪಿದರೆ ಒಂದು ಸೀಟಿನ ಪಾಲಿಗೆ ಬರುವ ತೂಕ ಶೇ 60ಕ್ಕೆ ಇಳಿದಂತೆ. 1937ರಿಂದ ಡಬಲ್ ಡೆಕ್ಕರ್ ಓಡಿಸುತ್ತಾ ಬಂದ ಮುಂಬೈನ ಬೆಸ್ಟ್ ಸಂಸ್ಥೆ 2023ರ ಫೆಬ್ರವರಿಯಲ್ಲಿ ಇದನ್ನು ರಸ್ತೆಗೆ ಇಳಿಸಿತು. ಅದೇ ವರ್ಷ ಸೆಪ್ಟೆಂಬರ್ 15ರಂದು ಅಲ್ಲಿನ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಕೊನೆಯ ಟ್ರಿಪ್ ಮುಗಿಸಿದಾಗ ಜನ ಹಾರ ಹಾಕಿ ಬೀಳ್ಕೊಟ್ಟರು.

ಬೆಂಗಳೂರಿಗೆ ಇದು ಬರಲಿಲ್ಲ. 2022ರ ಹೊತ್ತಿಗೆ ಬಿಎಂಟಿಸಿ ಹತ್ತು ವಿದ್ಯುತ್ ಡಬಲ್ ಡೆಕ್ಕರ್ ತರಲು ಹೊರಟಿತ್ತು. ಬೆಲೆ ದುಬಾರಿ ಎಂಬ ಕಾರಣಕ್ಕೆ ವಿಷಯ ಅಲ್ಲಿಗೇ ನಿಂತಿತು. ಎರಡು ಮಹಡಿಯ ಬಸ್ಸು ಹತ್ತುವ ಆಸೆಯಿದ್ದವರು ಮೈಸೂರಿಗೆ ಹೋಗಿ ಪ್ರವಾಸೋದ್ಯಮ ನಿಗಮದ, ಮೇಲೆ ಚಾವಣಿ ಇಲ್ಲದ ‘ಅಂಬಾರಿ’ ಹತ್ತಬಹುದು. 2021ರಲ್ಲಿ ಶುರುವಾದ ಅದು ಅರಮನೆ, ಚರ್ಚು, ಕೆರೆ ತೋರಿಸುವ ಬಸ್ಸು. ದಸರೆಯ ದೀಪ ನೋಡಲು ಅದರಷ್ಟು ಚೆಂದದ ಜಾಗ ಇನ್ನೊಂದಿಲ್ಲ. ಕಾಲೇಜಿಗೆ ಹೊರಟವರಿಗೆ ಅದರಿಂದ ಆಗುವುದೇನಿಲ್ಲ.

ಮುಂಬೈನ ಕಥೆಯಲ್ಲೂ ಎಚ್ಚರ ಬೇಕು. 900 ವಿದ್ಯುತ್ ಡಬಲ್ ಡೆಕ್ಕರ್ ತರಿಸುವ ಯೋಜನೆ ಇತ್ತು, ರಸ್ತೆಗೆ ಬಂದದ್ದು ಐವತ್ತರಷ್ಟು. ಬಸ್ಸಿನ ಮಾಲೀಕತ್ವ ಖಾಸಗಿಯವರದು, ಸಂಸ್ಥೆ ಕಿಲೊಮೀಟರಿಗೆ ಇಷ್ಟು ಎಂದು ಕೊಡುತ್ತದೆ. ಬೆಸ್ಟ್‌ಗೆ ನಿಗದಿಯಾದ ದರ ಕಿ.ಮೀ.ಗೆ 56 ರೂಪಾಯಿ 40 ಪೈಸೆ. ಈ ಸಂಖ್ಯೆ ಕೇಳಿದೊಡನೆ ಅಧಿಕಾರಿಗಳು ಅದನ್ನು ಒಂದು ಮಹಡಿಯ ಬಸ್ಸಿನ ಕಿಲೊಮೀಟರ್ ದರದ ಪಕ್ಕ ಇಡುತ್ತಾರೆ. ಆ ಹೋಲಿಕೆಯಲ್ಲಿ ಡಬಲ್ ಡೆಕ್ಕರ್ ಯಾವತ್ತೂ ಸೋಲುತ್ತದೆ. 65 ಸೀಟಿಗೆ ಭಾಗಿಸಿದರೆ ಸೀಟಿಗೆ 87 ಪೈಸೆ ಬೀಳುತ್ತದೆ, ಅದನ್ನು ಒಂದು ಮಹಡಿಯ ಬಸ್ಸಿನ ಸೀಟುವಾರು ದರದ ಪಕ್ಕ ಇಡಬೇಕು. ಸೀಟು ಲೆಕ್ಕ ಹಾಕದ ಟೆಂಡರು ಬಸ್ಸನ್ನು ಕೊಳ್ಳುತ್ತದೆ, ಪ್ರಯಾಣವನ್ನು ಕೊಳ್ಳುವುದಿಲ್ಲ.

ಈಗ ಮಳವಳ್ಳಿಗೆ ಬರೋಣ. ಡಿಪೊಗಳಲ್ಲಿ ಡ್ರೈವರುಗಳ ನಡುವೆ ನಿತ್ಯ ಓಡಾಡುವ ಮಾತೊಂದಿದೆ: ಕೆಎಂಪಿಎಲ್. ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೊಮೀಟರ್ ಎಂಬ ಲೆಕ್ಕ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅದು ಐದರ ಆಸುಪಾಸು. ಕಡಿಮೆ ತಂದ ಡ್ರೈವರಿಗೆ ವಿವರಣೆ ಕೇಳುತ್ತಾರೆ. ಗೇರು ಸರಿಯಾಗಿ ಹಾಕು, ಸುಮ್ಮನೆ ರೇಸ್ ಮಾಡಬೇಡ, ಟೈರಿನ ಗಾಳಿ ನೋಡು ಎಂಬ ಬುದ್ಧಿಮಾತುಗಳೆಲ್ಲ ಸರಿಯೇ. ಬಸ್ಸಿನ ತೂಕ ಮಾತ್ರ ಡ್ರೈವರ್ ಕೈಯಲ್ಲಿಲ್ಲ. ಅದು ಬಸ್ಸು ಕೊಳ್ಳುವವರ, ಬಾಡಿ ಕಟ್ಟಿಸುವವರ ಕೈಯಲ್ಲಿದೆ.

ಒಂದು ಟನ್ ತೂಕ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಅಂದಾಜು ಮಾಡಬಹುದು. ನಿಂತ ಬಸ್ಸನ್ನು ಗಂಟೆಗೆ 50 ಕಿ.ಮೀ. ವೇಗಕ್ಕೆ ತರಲು ಪ್ರತಿ ಟನ್ನಿಗೂ ಏಳೆಂಟು ಮಿಲಿಲೀಟರ್ ಡೀಸೆಲ್ ಬೇಕು. ಸ್ಟಾಪಿನಲ್ಲಿ ಬ್ರೇಕ್ ಒತ್ತಿದೊಡನೆ ಅಷ್ಟೂ ಬಿಸಿಯಾಗಿ ಹಾರಿಹೋಗುತ್ತದೆ. ಮಳವಳ್ಳಿಯಿಂದ ಮಂಡ್ಯಕ್ಕೋ ಮದ್ದೂರಿಗೋ ಹೋಗುವ ಆರ್ಡಿನರಿ ಬಸ್ಸು ದಾರಿಯಲ್ಲಿ ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲುತ್ತಾ ಟ್ರಿಪ್ಪಿಗೆ 40 ಸಲ ನಿಂತಿತು ಅನ್ನಿ, ದಿನಕ್ಕೆ ಎಂಟು ಟ್ರಿಪ್, 280 ಕಿ.ಮೀ. ಅನ್ನಿ. ನಿಲ್ಲುವ ಏಳುವ ಕೆಲಸದಲ್ಲೇ ಟನ್ನಿಗೆ ಎರಡೂವರೆ ಲೀಟರ್ ಹೋಗುತ್ತದೆ. ಟೈರು ರಸ್ತೆಯ ಮೇಲೆ ಉರುಳುವ ಪ್ರತಿರೋಧಕ್ಕೆ ಇನ್ನೆರಡು ಲೀಟರ್. ಒಂದು ಬಸ್ಸಿನಲ್ಲಿ ಒಂದು ಟನ್ ಇಳಿಸಿದರೆ ದಿನಕ್ಕೆ ನಾಲ್ಕೂವರೆ ಲೀಟರ್ ಉಳಿಯಿತು. ನೂರು ಬಸ್ಸಿನ ಡಿಪೊದಲ್ಲಿ ಅದು ವರ್ಷಕ್ಕೆ ಒಂದೂವರೆ ಲಕ್ಷ ಲೀಟರ್ ದಾಟುತ್ತದೆ.

ವೇಗ ಹೆಚ್ಚಿದರೆ ಲೆಕ್ಕ ಬದಲಾಗುತ್ತದೆ. ಗಂಟೆಗೆ ಎಂಬತ್ತರ ವೇಗದಲ್ಲಿ ಗಾಳಿಯನ್ನು ಸೀಳುವುದೇ ದೊಡ್ಡ ಖರ್ಚು, ಎತ್ತರದ ಮುಖದ ಡಬಲ್ ಡೆಕ್ಕರಿಗೆ ಅದು ಇನ್ನೂ ಹೆಚ್ಚು. ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರು–ಮೈಸೂರು ನಡುವೆ ನಿಲ್ಲದೆ ಓಡುವ ಬಸ್ಸಿಗೆ ಮೇಲ್ಮಹಡಿ ಹೇಳಿಸಿದ್ದಲ್ಲ. ಗಂಟೆಗೆ ನಲವತ್ತು, ಐವತ್ತರಲ್ಲಿ, ಹೆಜ್ಜೆಹೆಜ್ಜೆಗೂ ನಿಂತು ಜನ ತುಂಬಿಕೊಳ್ಳುವ ರೂಟೇ ಅದರ ನಿಜವಾದ ಜಾಗ.

ಅಂಥ ರೂಟುಗಳಲ್ಲೇ ನಮ್ಮಲ್ಲಿ ತಲೆಯ ಮೇಲಿನ ತೊಂದರೆಗಳಿರುವುದು. ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಬರುವ ರಸ್ತೆಯನ್ನೇ ತೆಗೆದುಕೊಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ದೊಡ್ಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಲಾರಿಗಳು ಎಷ್ಟು ಎತ್ತರಕ್ಕೆ ಹೇರಿಕೊಂಡಿರುತ್ತವೆ, ಕೊಂಬೆಗೆ ತಗುಲಿದ ಕಬ್ಬಿನ ಜಲ್ಲೆಗಳು ಹೇಗೆ ರಸ್ತೆಗೆ ಬೀಳುತ್ತವೆ ಎಂಬುದನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ವಿದ್ಯುತ್ ನಿಯಮದಂತೆ ರಸ್ತೆಯನ್ನು ಅಡ್ಡ ಹಾಯುವ ಸಾಧಾರಣ ತಂತಿ ಕನಿಷ್ಠ 5.8 ಮೀಟರ್ ಮೇಲಿರಬೇಕು. 4.75 ಮೀಟರಿನ ಬಸ್ಸಿಗೂ ಅದಕ್ಕೂ ಒಂದು ಮೀಟರ್ ಅಂತರ ಸಿಗುತ್ತದೆ. ಬೇಸಿಗೆಯಲ್ಲಿ ಜೋತುಬಿದ್ದ ತಂತಿ, ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ಲು, ಊರಬಾಗಿಲ ಸ್ವಾಗತ ಕಮಾನು ಯಾವ ನಿಯಮವನ್ನೂ ಓದಿರುವುದಿಲ್ಲ. ತಂತಿ ಎತ್ತರಿಸಬಹುದು, ಕಮಾನು ಬದಲಿಸಬಹುದು. ಬಸ್ಸಿಗಾಗಿ ಸಾಲುಮರ ಕಡಿಯುವುದಕ್ಕೆ ಮಾತ್ರ ನನ್ನ ಪೂರ್ತಿ ವಿರೋಧವಿದೆ. ನೆರಳು ಕೊಟ್ಟ ಮರವನ್ನು ಕೆಡವಿ ಇಂಧನ ಉಳಿಸಿದೆವು ಎಂದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಮಂಡ್ಯ ಜಿಲ್ಲೆಯಲ್ಲಿ ಎರಡು ಮಹಡಿಗೆ ಜಾಗ ಎಲ್ಲಿ? ನನ್ನ ಕಣ್ಣಿಗೆ ಕಾಣುವುದು ಮಂಡ್ಯ–ಮದ್ದೂರು ನಡುವಿನ ಹಳೆಯ ರಸ್ತೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದ ಮೇಲೆ ದೂರದ ವಾಹನಗಳು ಆ ಕಡೆ ಹೋದವು. ಊರೊಳಗೆ ಹಾಯುವ ದಾರಿ ಅಗಲವಾಗಿದೆ, ಹೊರೆ ಇಳಿದಿದೆ. ಕಾಲೇಜು, ಕಚೇರಿ, ಕಾರ್ಖಾನೆಗಳೆಲ್ಲ ಆ ದಾರಿಯುದ್ದಕ್ಕೂ ಇವೆ. ಮಳವಳ್ಳಿಯಿಂದ ಬಂದವರು ಮದ್ದೂರಿನಲ್ಲೋ ಮಂಡ್ಯದಲ್ಲೋ ಅದಕ್ಕೆ ಹತ್ತಿಕೊಳ್ಳಬಹುದು.

ಮಳವಳ್ಳಿಗೇ ನೇರವಾಗಿ ಬೇಕಾದ್ದು ಡಬಲ್ ಡೆಕ್ಕರ್ ಕಲಿಸಿಕೊಟ್ಟ ಹಗುರತನ. ಅದು ಒಂದು ಮಹಡಿಯ ಬಸ್ಸಿಗೂ ಅಷ್ಟೇ ಒಗ್ಗುತ್ತದೆ. ಕೆಎಸ್‌ಆರ್‌ಟಿಸಿಗೆ ಬೆಂಗಳೂರಿನ ಕೆಂಗೇರಿಯಲ್ಲೂ ಹಾಸನದಲ್ಲೂ ಸ್ವಂತ ಪ್ರಾದೇಶಿಕ ಕಾರ್ಯಾಗಾರಗಳಿವೆ. ಈಚಿನ ವರ್ಷಗಳಲ್ಲಿ ಅಲ್ಲಿನ ಕೆಲಸಗಾರರು ಹಳೆಯ ಬಸ್ಸುಗಳ ಬಾಡಿಯನ್ನು ಬಿಚ್ಚಿ, ಹೊಸದಾಗಿ ಕಟ್ಟಿ, ಮತ್ತೆ ರಸ್ತೆಗೆ ಬಿಟ್ಟಿದ್ದಾರೆ. ನೋಡಿದವರಿಗೆ ಅವು ಹಳೆಯ ಬಸ್ಸು ಎಂದು ಗೊತ್ತಾಗುವುದಿಲ್ಲ. ಲಂಡನ್ನಿನಲ್ಲಿ ರೂಟ್‌ಮಾಸ್ಟರ್ ಹುಟ್ಟಿದ್ದೂ ಬಸ್ಸು ಓಡಿಸುವ ಸಂಸ್ಥೆಯ ಒಳಗಿನಿಂದಲೇ, ದಿನವೂ ಬಸ್ಸು ರಿಪೇರಿ ಮಾಡಿ ಅದರ ನೋವು ಬಲ್ಲವರ ನಡುವೆ. ನಮ್ಮ ಕಾರ್ಯಾಗಾರಗಳಿಗೆ ‘ಗಟ್ಟಿಯಾಗಿ ಕಟ್ಟಿ’ ಎನ್ನುವುದರ ಜೊತೆಗೆ ‘ಇನ್ನೂರು ಕೆ.ಜಿ. ಇಳಿಸಿ ಕಟ್ಟಿ’ ಎಂಬ ಗುರಿಯನ್ನೂ ಕೊಟ್ಟರೆ ಅವರು ದಾರಿ ಹುಡುಕುತ್ತಾರೆ ಎಂಬ ನಂಬಿಕೆ ನನಗಿದೆ.

ಟಿಕೆಟಿನ ವಿಷಯ ಸಣ್ಣದೆನಿಸಿದರೂ ಡಬಲ್ ಡೆಕ್ಕರಿನ ಹಣೆಬರಹ ಬರೆಯುವುದು ಅದೇ. ಶಕ್ತಿ ಯೋಜನೆಯಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ, ಆದರೂ ಪ್ರತಿಯೊಬ್ಬರಿಗೂ ಶೂನ್ಯ ಟಿಕೆಟ್ ಹರಿಯಬೇಕು, ಆಧಾರ್ ನೋಡಬೇಕು. ಎರಡು ಮಹಡಿಯ ಜನರಿಗೆ ಒಬ್ಬ ಕಂಡಕ್ಟರ್ ಈ ಕೆಲಸ ಮಾಡಲಾರರು. ಇಬ್ಬರನ್ನು ಹಾಕಿದರೆ ಉಳಿತಾಯದಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಮುಟ್ಟಿಸಿದರೆ ಸಾಕೆನ್ನುವ ಕಾರ್ಡು ಬಂದ ದಿನ ಈ ತೊಡಕು ಬಹುಮಟ್ಟಿಗೆ ಬಿಡುತ್ತದೆ. ಮೆಟ್ಟಿಲು ಹತ್ತಲಾರದ ವಯಸ್ಸಾದವರು, ಮೂಟೆ ತಂದವರು, ಎಳೆಮಕ್ಕಳ ತಾಯಂದಿರು ಕೆಳಗೆ, ದೂರ ಹೋಗುವ ಹುಡುಗ ಹುಡುಗಿಯರು ಮೇಲೆ ಎಂಬ ಪದ್ಧತಿ ಜನ ತಾವಾಗಿಯೇ ಮಾಡಿಕೊಳ್ಳುತ್ತಾರೆ.

ವಿದ್ಯುತ್ ಬಸ್ಸಿನ ಮಾತು ಬಂದಾಗ ಮಳವಳ್ಳಿ ತಾಲ್ಲೂಕಿಗೆ ಒಂದು ಹಕ್ಕಿದೆ. ಶಿವನಸಮುದ್ರದ ಬ್ಲಫ್‌ನಲ್ಲಿ 1902ರ ಜೂನ್ 30ರಂದು ಶುರುವಾದ ಕೇಂದ್ರ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿತು. ಅಷ್ಟು ದೂರದ ತಂತಿ ಅಂದು ಜಗತ್ತಿನಲ್ಲೇ ಅಪರೂಪ. ದಿವಾನ್ ಶೇಷಾದ್ರಿ ಅಯ್ಯರ್ ಕನಸು ಕಂಡು, ಅದು ಬೆಳಗುವ ಮೊದಲೇ ತೀರಿಕೊಂಡರು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿಗೆ ಬೆಳಕು ಕೊಟ್ಟಿತು. ಇವತ್ತು ಆ ಕೇಂದ್ರದ ಸಾಮರ್ಥ್ಯ 42 ಮೆಗಾವಾಟ್. ಪೂರ್ತಿ ನಡೆದ ಒಂದು ಗಂಟೆಯಲ್ಲಿ, ದಾರಿಯ ನಷ್ಟ ಬಿಟ್ಟು ಲೆಕ್ಕ ಹಾಕಿದರೆ, ಮುಂಬೈನಲ್ಲಿ ಓಡುವಂಥ 180 ಡಬಲ್ ಡೆಕ್ಕರುಗಳ ಬ್ಯಾಟರಿ ತುಂಬುವಷ್ಟು ವಿದ್ಯುತ್ ಅಲ್ಲಿ ಹುಟ್ಟುತ್ತದೆ. 2023ರಿಂದ ಬೆಂಗಳೂರು–ಮೈಸೂರು ನಡುವೆ ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ವಿದ್ಯುತ್ ಬಸ್ಸುಗಳು ಮಂಡ್ಯದ ಪಕ್ಕದಲ್ಲೇ ಓಡುತ್ತಿವೆ. ವಿದ್ಯುತ್ತಿನ ತವರಿನ ಹಳ್ಳಿ ರೂಟುಗಳಿಗೂ ಅವು ಬರಬೇಕೆಂದು ಕೇಳುವುದು ಅತಿಯಾಸೆಯಲ್ಲ. ನಿಲ್ಲುವಾಗ ವ್ಯರ್ಥವಾಗುವ ಶಕ್ತಿಯಲ್ಲಿ ಒಂದು ಪಾಲನ್ನು ವಿದ್ಯುತ್ ಬಸ್ಸು ಮತ್ತೆ ಬ್ಯಾಟರಿಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಹೆಚ್ಚು ಸ್ಟಾಪಿನ ರೂಟಿಗೆ ಅದು ಹೇಳಿಮಾಡಿಸಿದಂತಿದೆ. ಅಲ್ಲಿಯೂ ತೂಕ ಇಳಿದಷ್ಟು ಬ್ಯಾಟರಿ ಸಣ್ಣದಾಗುತ್ತದೆ, ಬ್ಯಾಟರಿ ಸಣ್ಣದಾದಷ್ಟು ಬೆಲೆ ಇಳಿಯುತ್ತದೆ.

ಮುಂದಿನ ಟೆಂಡರಿನಲ್ಲಿ ಎರಡು ಸಾಲು ಸೇರಿಸಿದರೆ ಸಾಕು: ಸೀಟೊಂದಕ್ಕೆ ಖಾಲಿ ಬಸ್ಸಿನ ತೂಕ ಎಷ್ಟು, ಸೀಟೊಂದಕ್ಕೆ ಕಿಲೊಮೀಟರಿಗೆ ಖರ್ಚು ಎಷ್ಟು. ಈ ಎರಡರ ಮೇಲೂ ಅಂಕ ಕೊಟ್ಟು ಬಸ್ಸು ಆರಿಸಲಿ. ಹಾಗೆ ಆರಿಸಿದ ಒಂದು ಡಬಲ್ ಡೆಕ್ಕರನ್ನು ಮಂಡ್ಯ–ಮದ್ದೂರು ನಡುವೆಯೂ, ಅದೇ ತೂಕದ ಲೆಕ್ಕದಲ್ಲಿ ಕಟ್ಟಿದ ಒಂದು ಮಹಡಿಯ ಬಸ್ಸನ್ನು ಮಳವಳ್ಳಿ–ಮಂಡ್ಯ ನಡುವೆಯೂ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಕಬ್ಬಿನ ಹಂಗಾಮು ಓಡಿಸಿ ನೋಡಲಿ. ಎಷ್ಟು ಜನ ಕೂತರು, ಎಷ್ಟು ಡೀಸೆಲ್ ಅಥವಾ ಯೂನಿಟ್ ಹೋಯಿತು, ಎಷ್ಟು ಸಲ ಕೆಟ್ಟು ನಿಂತಿತು ಎಂಬುದನ್ನು ತಿಂಗಳು ತಿಂಗಳು ಮೂರೂ ಊರಿನ ಬಸ್ ಸ್ಟ್ಯಾಂಡುಗಳ ಬೋರ್ಡಿನಲ್ಲಿ, ವೇಳಾಪಟ್ಟಿಯ ಪಕ್ಕದಲ್ಲೇ, ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ.